ಚಳಿನಾಡಿನ ಹಲ್ಲಿ ಮೊಟ್ಟೆ ಬಿಟ್ಟು ಮರಿ ಹಾಕಿದ್ದೇಕೆ?

ಮುಂಗಾರು ಶುರುವಾಗುವ ದಿನಗಳಲ್ಲಿ, ಕರ್ನಾಟಕದ ಯಾವುದಾದರೊಂದು ಊರಿನಲ್ಲಿ ಹಿಡಿದ ಕೊಳಕುಮಂಡಲ ಹಾವು ಇಪ್ಪತ್ತು ಮೂವತ್ತು ಮರಿಗಳನ್ನು ಹಾಕಿದ ಸುದ್ದಿಯೋ ವಿಡಿಯೋವೋ ಮೊಬೈಲಿಗೆ ಬರುವುದುಂಟು. ಅದನ್ನು ನೋಡಿದವರಲ್ಲಿ ಅನೇಕರು, ಹಾವು ಮೊಟ್ಟೆಯಿಡುವ ಪ್ರಾಣಿಯಲ್ಲವೇ ಎಂದು ಕೇಳುತ್ತಾರೆ. ಹಾವು, ಹಲ್ಲಿ, ಆಮೆ, ಮೊಸಳೆಗಳು ಮೊಟ್ಟೆಯಿಡುತ್ತವೆ, ಸಸ್ತನಿಗಳು ಮರಿ ಹಾಕುತ್ತವೆ ಎಂದೇ ಶಾಲೆಯಲ್ಲಿ ಕಲಿತವರಿಗೆ ಈ ಪ್ರಶ್ನೆ ಏಳುವುದು ಸಹಜ. ಆದರೆ ಜಗತ್ತಿನಲ್ಲಿರುವ ಹನ್ನೊಂದು ಸಾವಿರಕ್ಕೂ ಹೆಚ್ಚು ಬಗೆಯ ಹಲ್ಲಿ ಮತ್ತು ಹಾವುಗಳಲ್ಲಿ ಸುಮಾರು ಐದನೆಯ ಒಂದು ಪಾಲು ಮರಿ ಹಾಕುವಂಥವು.

ಇದಕ್ಕಿಂತಲೂ ಅಚ್ಚರಿಯ ಸಂಗತಿಯೆಂದರೆ, ಈ ಗುಣ ಯಾವುದೋ ಒಂದು ಮೂಲ ಹಾವಿನಿಂದಲೋ ಹಲ್ಲಿಯಿಂದಲೋ ಎಲ್ಲಕ್ಕೂ ಬಂದದ್ದಲ್ಲ. ಸಸ್ತನಿಗಳ ಇತಿಹಾಸದಲ್ಲಿ ಮರಿ ಹಾಕುವ ಪದ್ಧತಿ ಒಂದೇ ಬಾರಿ ಹುಟ್ಟಿತು; ಹಕ್ಕಿಗಳಲ್ಲಿ ಒಮ್ಮೆಯೂ ಹುಟ್ಟಲಿಲ್ಲ. ಹಲ್ಲಿ ಮತ್ತು ಹಾವುಗಳಲ್ಲಾದರೋ ಅದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಖಂಡಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ನೂರಕ್ಕೂ ಹೆಚ್ಚು ಬಾರಿ ವಿಕಾಸಗೊಂಡಿದೆ ಎಂಬುದು ಹೆಚ್ಚಿನ ಜೀವವಿಜ್ಞಾನಿಗಳ ಲೆಕ್ಕಾಚಾರ. ಇಷ್ಟು ಸಲ ಇದೇ ದಾರಿಯನ್ನು ಹಿಡಿಯಲು ಕಾರಣವೇನು ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ಮುಖ್ಯವಾದದ್ದು ಹವಾಗುಣ, ಅದರಲ್ಲೂ ಚಳಿ. ಭೂಮಿ ಬಿಸಿಯಾಗುತ್ತಿರುವ ಈ ಹೊತ್ತಿನಲ್ಲಿ, ಚಳಿಗೆ ಹೊಂದಿಕೊಂಡು ರೂಪುಗೊಂಡ ಈ ಪ್ರಾಣಿಗಳ ಭವಿಷ್ಯವೂ ಅದೇ ಉತ್ತರದೊಡನೆ ಹೆಣೆದುಕೊಂಡಿದೆ.

ಮೊಟ್ಟೆಗೂ ಮರಿಗೂ ನಡುವಿನ ದಾರಿ

ಮೊದಲು ಕೆಲವು ಮೂಲ ಸಂಗತಿಗಳನ್ನು ತಿಳಿದುಕೊಳ್ಳಬೇಕು. ಹಲ್ಲಿಯ ಭ್ರೂಣವು, ಅಂದರೆ ಇನ್ನೂ ರೂಪುಗೊಳ್ಳುತ್ತಿರುವ ಮರಿಯು, ಮೊಟ್ಟೆಯೊಳಗಿನ ಹಳದಿ ಭಾಗದಲ್ಲಿರುವ ಆಹಾರವನ್ನು ಬಳಸಿಕೊಂಡು ಬೆಳೆಯುತ್ತದೆ. ಮೊಟ್ಟೆಯಿಡುವ ಹಲ್ಲಿಯಲ್ಲಿ ಈ ಬೆಳವಣಿಗೆಯ ಒಂದು ಭಾಗ ತಾಯಿಯ ಅಂಡನಾಳದಲ್ಲಿಯೂ ಉಳಿದದ್ದು ಮಣ್ಣಿನಲ್ಲಿಯೂ ನಡೆಯುತ್ತದೆ. ಸಾಮಾನ್ಯವಾಗಿ ಹಲ್ಲಿ ಮತ್ತು ಹಾವುಗಳು ಮೊಟ್ಟೆಯಿಡುವ ಹೊತ್ತಿಗೆ ಭ್ರೂಣದ ಬೆಳವಣಿಗೆ ಮೂರನೆಯ ಒಂದು ಭಾಗದಷ್ಟು ಆಗಿಯೇ ಇರುತ್ತದೆ. ಮರಿ ಹಾಕುವ ಜಾತಿಗಳಲ್ಲಿ ಅಷ್ಟೂ ಬೆಳವಣಿಗೆ ತಾಯಿಯೊಳಗೇ ಮುಗಿದು, ತೆಳುವಾದ ಪೊರೆಯಲ್ಲಿ ಸುತ್ತಿಕೊಂಡ ಮರಿ ಹೊರಬಂದು, ಆ ಪೊರೆಯನ್ನು ಸೀಳಿಕೊಂಡು ಓಡಾಡತೊಡಗುತ್ತದೆ.

ಹೀಗಾಗಿ ಮೊಟ್ಟೆಯಿಡುವುದು ಮತ್ತು ಮರಿ ಹಾಕುವುದು ಎಂಬ ಎರಡು ಪದ್ಧತಿಗಳ ನಡುವೆ ದಾಟಲಾಗದ ಕಂದಕವೇನೂ ಇಲ್ಲ. ಮೊಟ್ಟೆಯನ್ನು ಒಳಗೇ ಇನ್ನಷ್ಟು ದಿನ, ಮತ್ತಷ್ಟು ದಿನ ಇಟ್ಟುಕೊಳ್ಳುತ್ತ ಹೋದರೆ ಕೊನೆಗೆ ಅದು ಮರಿಯಾಗಿಯೇ ಹೊರಬರುತ್ತದೆ. ಆದರೆ ಇಲ್ಲಿ ಉಸಿರಾಟದ ಒಂದು ತೊಡಕಿದೆ. ಬೆಳೆಯುತ್ತಿರುವ ಭ್ರೂಣಕ್ಕೆ ದಿನದಿನಕ್ಕೂ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದು ತಾಯಿಯ ರಕ್ತನಾಳಗಳಿಂದ ಚಿಪ್ಪನ್ನು ದಾಟಿಯೇ ಬರಬೇಕು. ಚಿಪ್ಪು ದಪ್ಪವಾಗಿದ್ದರೆ ಭ್ರೂಣ ಒಳಗೇ ಉಸಿರುಗಟ್ಟುತ್ತದೆ. ಆದುದರಿಂದ ಮೊಟ್ಟೆಯನ್ನು ಹೆಚ್ಚು ಕಾಲ ಒಳಗಿಟ್ಟುಕೊಳ್ಳುವ ಜಾತಿಗಳಲ್ಲಿ ಚಿಪ್ಪು ತೆಳುವಾಗುತ್ತ ಬಂದು, ಕಡೆಗೆ ಭ್ರೂಣದ ಪೊರೆಗಳು ಅಂಡನಾಳದ ಗೋಡೆಗೆ ಒತ್ತಿಕೊಂಡು ಸರಳವಾದ ಒಂದು ಮಾಸು ಉಂಟಾಗುತ್ತದೆ. ಬಹುಪಾಲು ಜಾತಿಗಳಲ್ಲಿ ಈ ಮಾಸಿನ ಮೂಲಕ ಹರಿಯುವುದು ಮುಖ್ಯವಾಗಿ ಆಮ್ಲಜನಕ ಮತ್ತು ನೀರು, ಆಹಾರವಿನ್ನೂ ಹಳದಿಯದ್ದೇ. ದಕ್ಷಿಣ ಅಮೆರಿಕದ ಮಬುಯಾ ಎಂಬ ಹಾವುರಾಣಿಗಳಲ್ಲಾದರೋ ಮಾಸು ಸಸ್ತನಿಗಳದ್ದನ್ನು ನೆನಪಿಸುವಷ್ಟು ಮುಂದುವರಿದಿದ್ದು, ಭ್ರೂಣಕ್ಕೆ ಬೇಕಾದ ಬಹುತೇಕ ಎಲ್ಲ ಪೋಷಣೆಯನ್ನೂ ತಾಯಿಯೇ ಒದಗಿಸುತ್ತದೆ.

ಆಮೆ ಮತ್ತು ಮೊಸಳೆಗಳಲ್ಲಿ ಮರಿ ಹಾಕುವ ಜಾತಿ ಇಂದು ಒಂದೂ ಇಲ್ಲದಿರುವುದಕ್ಕೂ ಇಲ್ಲಿಯೇ ಸುಳಿವು ದೊರೆಯುತ್ತದೆ. ಅವುಗಳ ಭ್ರೂಣ ಅಂಡನಾಳದಲ್ಲಿ ತೀರ ಎಳೆಯ ಹಂತಕ್ಕೆ ಬಂದು ನಿಂತುಬಿಡುತ್ತದೆ. ಮೊಟ್ಟೆ ಹೊರಬಿದ್ದು ಗಾಳಿ ಸಿಕ್ಕಿದ ಮೇಲೆಯೇ ಬೆಳವಣಿಗೆ ಮುಂದುವರಿಯುತ್ತದೆ. ಒಳಗೆ ಎಷ್ಟು ದಿನ ಇಟ್ಟುಕೊಂಡರೂ ಭ್ರೂಣ ಮುಂದೆ ಹೋಗದಿದ್ದರೆ ಇಟ್ಟುಕೊಂಡು ಲಾಭವಿಲ್ಲ.

ಚಳಿಯ ಮಣ್ಣಿನಲ್ಲಿ ಮೊಟ್ಟೆಯ ಪಾಡು

ಹಲ್ಲಿ, ಹಾವುಗಳನ್ನು ಶೀತರಕ್ತ ಪ್ರಾಣಿಗಳು ಎನ್ನುತ್ತೇವೆ. ಅವುಗಳ ರಕ್ತ ಸದಾ ತಣ್ಣಗಿರುತ್ತದೆ ಎಂದು ಇದರ ಅರ್ಥವಲ್ಲ. ನಮ್ಮಂತೆ ಮೈಯೊಳಗೇ ಶಾಖವನ್ನು ಉತ್ಪಾದಿಸಿಕೊಳ್ಳದೆ, ಬಿಸಿಲು, ಬಂಡೆ, ನೆಲಗಳಿಂದ ಅದನ್ನು ಪಡೆಯುತ್ತವೆ ಎಂದಷ್ಟೇ ಅರ್ಥ. ಬೆಳಗಿನ ಹೊತ್ತು ಓತಿಕ್ಯಾತ ಬಂಡೆಯ ಮೇಲೆ ಮೈಚಾಚಿ ಬಿಸಿಲು ಕಾಯಿಸಿಕೊಳ್ಳುವುದು ಇದೇ ಕಾರಣಕ್ಕೆ. ಸುತ್ತಲಿನ ಗಾಳಿ 15 ಡಿಗ್ರಿ ಸೆಲ್ಸಿಯಸ್ ಇದ್ದರೂ, ಬಿಸಿಲು ಚೆನ್ನಾಗಿದ್ದರೆ ಪುಟ್ಟ ಹಲ್ಲಿಯೊಂದು ತನ್ನ ಮೈಯನ್ನು 30 ಡಿಗ್ರಿಯ ಆಸುಪಾಸಿಗೆ ತಂದುಕೊಳ್ಳಬಲ್ಲುದು.

ಮಣ್ಣಿನಲ್ಲಿ ಹೂತ ಮೊಟ್ಟೆಗೆ ಈ ಸೌಲಭ್ಯವಿಲ್ಲ. ಭ್ರೂಣದ ಬೆಳವಣಿಗೆಯ ವೇಗ ಸಂಪೂರ್ಣವಾಗಿ ಉಷ್ಣಾಂಶವನ್ನೇ ಅವಲಂಬಿಸಿದೆ: ಬೆಚ್ಚಗಿದ್ದರೆ ಕೆಲವೇ ವಾರಗಳಲ್ಲಿ ಮರಿ ಸಿದ್ಧವಾಗುತ್ತದೆ, ತಣ್ಣಗಿದ್ದರೆ ತಿಂಗಳುಗಳೇ ಹಿಡಿಯುತ್ತವೆ, ಇನ್ನೂ ತಣ್ಣಗಾದರೆ ಬೆಳವಣಿಗೆ ನಿಂತೇಹೋಗುತ್ತದೆ. ಉತ್ತರ ಯುರೋಪಿನಲ್ಲೋ ಎತ್ತರದ ಪರ್ವತಗಳಲ್ಲೋ ಬೇಸಿಗೆ ಬಹಳ ಚಿಕ್ಕದು. ಅಲ್ಲಿನ ಮಣ್ಣಿನಲ್ಲಿಟ್ಟ ಮೊಟ್ಟೆ ಒಡೆಯುವುದರೊಳಗೆ ಹಿಮ ಬೀಳತೊಡಗಿದರೆ, ಮರಿ ಮೊಟ್ಟೆಯಲ್ಲಿಯೇ ಸಾಯುತ್ತದೆ. ಹೇಗೋ ಹೊರಬಂದರೂ ಚಳಿಗಾಲಕ್ಕೆ ಮುನ್ನ ತಿಂದು ಕೊಬ್ಬಲು ಅದಕ್ಕೆ ದಿನಗಳು ಉಳಿದಿರುವುದಿಲ್ಲ.

ಹಪ್ಪಳ ಸಂಡಿಗೆ ಒಣಹಾಕಿದ ಮನೆಯಾಕೆ ನೆರಳು ಸರಿದಂತೆಲ್ಲ ಮೊರವನ್ನು ಅಂಗಳದ ಬಿಸಿಲಿಗೆ ಸರಿಸುತ್ತ ಹೋಗುವಂತೆ, ಮೊಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ತಾಯಿಹಲ್ಲಿಯು ಅದನ್ನು ದಿನವಿಡೀ ಬಿಸಿಲಿದ್ದ ಕಡೆಗೆ ಹೊತ್ತೊಯ್ಯುತ್ತದೆ. ಮೋಡ ಕವಿದಾಗ ಬೆಚ್ಚಗಿನ ಕಲ್ಲಿಗೆ ಮೈಯೊತ್ತುತ್ತದೆ. ರಾತ್ರಿ ಕೊರೆಯುವಾಗ ಬಿಲದೊಳಗೆ ಸೇರುತ್ತದೆ. ಮೊಟ್ಟೆಯನ್ನು ಎರಡು ವಾರ ಹೆಚ್ಚಾಗಿ ಒಳಗಿಟ್ಟುಕೊಂಡರೂ ಆ ಎರಡು ವಾರಗಳ ಬೆಳವಣಿಗೆ ಬೇಗ ಮುಗಿದು, ಮಣ್ಣಿನಲ್ಲಿ ಕಳೆಯಬೇಕಾದ ಕಾಲ ಅದಕ್ಕಿಂತಲೂ ಹೆಚ್ಚು ತಗ್ಗುತ್ತದೆ. ಈ ವಾದದ ಬಲ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ವಿಕಾಸಕ್ಕೆ ದೂರದ ಗುರಿ ಕಾಣುವುದಿಲ್ಲ. ಪ್ರತಿಯೊಂದು ಹೆಜ್ಜೆಯೂ ಆ ಹೆಜ್ಜೆಯಲ್ಲಿಯೇ ಲಾಭ ತರಬೇಕು. ಚಳಿಯ ಪ್ರದೇಶದಲ್ಲಿ ಮೊಟ್ಟೆಯನ್ನು ತುಸು ತಡವಾಗಿ ಇಟ್ಟ ತಾಯಿಯ ಮರಿಗಳು ತುಸು ಹೆಚ್ಚು ಉಳಿಯುತ್ತವೆ. ಆ ಮರಿಗಳ ಸಂತತಿಯಲ್ಲಿ ಇನ್ನೂ ತಡವಾಗಿ ಇಡುವಂಥವು ಮತ್ತಷ್ಟು ಹೆಚ್ಚು ಉಳಿಯುತ್ತವೆ.

ವಿಜ್ಞಾನದಲ್ಲಿ ಇದಕ್ಕೆ ಶೀತ ಹವಾಗುಣದ ಸಿದ್ಧಾಂತ ಎಂಬ ಹೆಸರಿದೆ. 1920 ಮತ್ತು 30ರ ದಶಕಗಳಲ್ಲಿಯೇ ಇದರ ಮೊದಲ ರೂಪಗಳು ಪ್ರಕಟವಾಗಿದ್ದವು. ಅದನ್ನು ಬೆಳೆಸಿದವರಲ್ಲಿ ಆಸ್ಟ್ರೇಲಿಯದ ಕ್ಲೇರ್ ವೀಕ್ಸ್ ಒಬ್ಬರು. ಹಲ್ಲಿಗಳ ಮಾಸಿನ ಬಗ್ಗೆ ಸೂಕ್ಷ್ಮವಾದ ಅಧ್ಯಯನ ನಡೆಸಿದ ಇವರು ಮುಂದೆ ವೈದ್ಯೆಯಾಗಿ, ಆತಂಕದ ಕಾಯಿಲೆಗೆ ನೀಡಿದ ಚಿಕಿತ್ಸೆಯಿಂದ ಬೇರೊಂದು ಕಾರಣಕ್ಕೇ ಜಗತ್ತಿಗೆಲ್ಲ ಪರಿಚಿತರಾದರು. 1980ರ ದಶಕದಲ್ಲಿ ಆಸ್ಟ್ರೇಲಿಯದವರೇ ಆದ ರಿಚರ್ಡ್ ಶೈನ್, ಮರಿ ಹಾಕುವ ಗುಣ ಹೊಸದಾಗಿ ಹುಟ್ಟಿದ ಒಂದೊಂದು ಪ್ರಸಂಗವನ್ನೂ ಜಗತ್ತಿನಾದ್ಯಂತ ಹುಡುಕಿ ಪಟ್ಟಿ ಮಾಡಿ, ಅವುಗಳಲ್ಲಿ ಬಹಳಷ್ಟು ಚಳಿಯ ಪ್ರದೇಶಗಳೊಂದಿಗೆ ತಳಕು ಹಾಕಿಕೊಂಡಿರುವುದನ್ನು ತೋರಿಸಿದರು.

ಒಂದೇ ಹಲ್ಲಿ, ಎರಡು ಬಗೆಯ ಹೆರಿಗೆ

ಈ ಸಿದ್ಧಾಂತವನ್ನು ಪರೀಕ್ಷಿಸಲು ಪ್ರಕೃತಿಯೇ ಒದಗಿಸಿರುವ ಒಂದು ಪ್ರಾಣಿಯಿದೆ. ಝೂಟೋಕಾ ವಿವಿಪಾರಾ ಎಂಬ ವೈಜ್ಞಾನಿಕ ಹೆಸರಿನ ಈ ಕಂದುಬಣ್ಣದ ಪುಟ್ಟ ಹಲ್ಲಿ, ಬಾಲವನ್ನು ಬಿಟ್ಟರೆ ಐದಾರು ಸೆಂಟಿಮೀಟರ್ ಉದ್ದವಷ್ಟೇ. ಐರ್ಲೆಂಡಿನಿಂದ ಹಿಡಿದು ಪೂರ್ವದಲ್ಲಿ ರಷ್ಯದ ಸಖಾಲಿನ್ ದ್ವೀಪದವರೆಗೆ ಹರಡಿರುವ ಇದು ಉತ್ತರ ಧ್ರುವವೃತ್ತದಾಚೆಗೂ ಬದುಕುತ್ತದೆ. ವರ್ಷದ ಹೆಚ್ಚಿನ ಭಾಗ ನೆಲ ಹೆಪ್ಪುಗಟ್ಟಿರುವಂಥ ನಾಡಿನಲ್ಲಿ, ವಸಂತದಲ್ಲಿ ಕೂಡಿ, ಬೇಸಿಗೆಯ ಕೊನೆಯ ಹೊತ್ತಿಗೆ ಮರಿ ಹಾಕುತ್ತದೆ.

ಆದರೆ ಇದೇ ಜಾತಿಯ ಹಲ್ಲಿಗಳು ತಮ್ಮ ವ್ಯಾಪ್ತಿಯ ದಕ್ಷಿಣದ ಅಂಚಿನಲ್ಲಿ, ಅಂದರೆ ಉತ್ತರ ಸ್ಪೇನ್ ಮತ್ತು ನೈಋತ್ಯ ಫ್ರಾನ್ಸಿನಲ್ಲಿಯೂ, ಆಲ್ಪ್ಸ್ ಪರ್ವತಗಳ ದಕ್ಷಿಣಕ್ಕಿರುವ ಸ್ಲೊವೇನಿಯ ಮತ್ತು ಉತ್ತರ ಇಟಲಿಯ ಕೆಲವು ಭಾಗಗಳಲ್ಲಿಯೂ ಮೊಟ್ಟೆಯಿಡುತ್ತವೆ. ಹೊರನೋಟಕ್ಕೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಬೇಸಿಗೆ ದೀರ್ಘವಾಗಿರುವ ತಾವುಗಳಲ್ಲಿ ಮೊಟ್ಟೆಯಿಡುವ ಹಲ್ಲಿಗೆ ಒಂದೇ ಋತುವಿನಲ್ಲಿ ಎರಡು ಬಾರಿ ಮೊಟ್ಟೆಯಿಡುವ ಅವಕಾಶವಿರುತ್ತದೆ. ಮರಿ ಹಾಕುವ ಹಲ್ಲಿಗೆ ಒಂದು ಬಾರಿಗೇ ಬೇಸಿಗೆ ಮುಗಿದುಹೋಗುತ್ತದೆ. ಪ್ರಯೋಗಾಲಯದಲ್ಲಿ ಈ ಎರಡು ಬಗೆಯ ಹಲ್ಲಿಗಳನ್ನು ಕೂಡಿಸಿದಾಗ ಹುಟ್ಟಿದ ಮಿಶ್ರತಳಿಯ ಹೆಣ್ಣುಗಳು ಎರಡಕ್ಕೂ ನಡುವಿನ ಸ್ಥಿತಿಯಲ್ಲಿದ್ದವು: ಅವು ಇಟ್ಟ ಮೊಟ್ಟೆಗಳ ಚಿಪ್ಪು ತೆಳುವಾಗಿತ್ತು, ಒಳಗಿನ ಭ್ರೂಣ ಸಾಮಾನ್ಯಕ್ಕಿಂತ ಹೆಚ್ಚು ಬೆಳೆದಿತ್ತು. ಒಳಗಿಟ್ಟುಕೊಳ್ಳುವ ಅವಧಿಯೂ ಚಿಪ್ಪಿನ ದಪ್ಪವೂ ಹಂತಹಂತವಾಗಿ ಬದಲಾಗಬಲ್ಲವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಅಪರೂಪ.

ಇನ್ನೊಂದು ಸಾಕ್ಷ್ಯ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿದೆ. ಸೈಫೋಸ್ ಈಕ್ವಾಲಿಸ್ ಎಂಬ, ಕಾಲಿಗೆ ಮೂರೇ ಬೆರಳುಳ್ಳ ಹಾವುರಾಣಿ ಸಿಡ್ನಿಯ ಸುತ್ತಲಿನ ಬೆಚ್ಚಗಿನ ಕರಾವಳಿಯಲ್ಲಿ ಮೊಟ್ಟೆಯಿಡುತ್ತದೆ, ಉತ್ತರದ ತಂಪಾದ ಎತ್ತರದ ಪ್ರದೇಶದಲ್ಲಿ ಮರಿ ಹಾಕುತ್ತದೆ. 2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು, ಒಂದೇ ತಾಯಿ ಒಂದೇ ಬಸಿರಿನಲ್ಲಿ ಮೊದಲು ಕೆಲವು ಮೊಟ್ಟೆಗಳನ್ನಿಟ್ಟು, ವಾರಗಳ ನಂತರ ಮರಿಯನ್ನೂ ಹಾಕಿದ ಪ್ರಸಂಗವನ್ನು ದಾಖಲಿಸಿದರು.

ಪರ್ವತದಿಂದ ಪರ್ವತಕ್ಕೆ

ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದೇ ವಿನ್ಯಾಸ ಮತ್ತೆ ಮತ್ತೆ ಕಾಣುತ್ತದೆ. ಮಧ್ಯ ಏಷ್ಯದ ಮರುಭೂಮಿಗಳಲ್ಲಿ ಓತಿಕ್ಯಾತದ ಬಳಗಕ್ಕೆ ಸೇರಿದ ಫ್ರೈನೋಸೆಫಾಲಸ್ ಹಲ್ಲಿಗಳು ಮೊಟ್ಟೆಯಿಡುತ್ತವೆ; ಅವುಗಳ ಹತ್ತಿರದ ಬಂಧುಗಳು ಟಿಬೆಟ್ ಪ್ರಸ್ಥಭೂಮಿಯ ಮೇಲೆ ಮರಿ ಹಾಕುತ್ತವೆ. ನಮ್ಮ ಲಡಾಖಿನಲ್ಲಿ 4000 ಮೀಟರಿಗಿಂತ ಎತ್ತರದ ಮರಳು ಬಯಲುಗಳಲ್ಲಿ ಓಡಾಡುವ ಫ್ರೈನೋಸೆಫಾಲಸ್ ಥಿಯೊಬಾಲ್ಡಿ ಎಂಬ ಹಲ್ಲಿ ಈ ಎರಡನೆಯ ಗುಂಪಿಗೆ ಸೇರಿದ್ದು. ಹಿಮಾಲಯದ ಗುಳಿಮಂಡಲ ಹಾವು ಕೂಡ ಅಂಥದೇ ಎತ್ತರದಲ್ಲಿ ಮರಿ ಹಾಕುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಲಿಯೊಲೀಮಸ್ ಎಂಬ ದೊಡ್ಡ ಹಲ್ಲಿಕುಲದಲ್ಲಿಯೂ, ಮೆಕ್ಸಿಕೋದ ಬೆಟ್ಟಗಳಲ್ಲಿ ಸೆಲೊಪೊರಸ್ ಎಂಬ ಮುಳ್ಳುಮೈಯ ಹಲ್ಲಿಗಳಲ್ಲಿಯೂ ಮೇಲೇರಿದಂತೆ ಮರಿ ಹಾಕುವ ಜಾತಿಗಳ ಪಾಲು ಹೆಚ್ಚುತ್ತದೆ.

ನ್ಯೂಜಿಲೆಂಡಿನ ಉದಾಹರಣೆ ಇನ್ನೂ ಗಮನಾರ್ಹ. ನಮ್ಮ ಮನೆಯ ಗೋಡೆಯ ಹಲ್ಲಿಗಳ ಕುಲದವು ಜಗತ್ತಿನಲ್ಲಿ ಬಹುಮಟ್ಟಿಗೆ ಎಲ್ಲ ಕಡೆಯೂ ಮೊಟ್ಟೆಯಿಡುತ್ತವೆ. ಆದರೆ ನ್ಯೂಜಿಲೆಂಡಿನ ಸ್ಥಳೀಯ ಗೋಡೆಹಲ್ಲಿ ಬಂಧುಗಳೆಲ್ಲವೂ ಮರಿ ಹಾಕುತ್ತವೆ. ಅಲ್ಲಿನ ಸ್ಥಳೀಯ ಹಾವುರಾಣಿಗಳಲ್ಲಿಯೂ ಮೊಟ್ಟೆಯಿಡುವ ಜಾತಿ ಒಂದೇ ಒಂದು.

ತಾಯಿಗೆ ಬೀಳುವ ಹೊರೆ

ಮರಿ ಹಾಕುವುದು ಇಷ್ಟು ಅನುಕೂಲವಾಗಿದ್ದರೆ ಎಲ್ಲ ಹಲ್ಲಿ, ಹಾವುಗಳೂ ಇದನ್ನೇ ಏಕೆ ಅನುಸರಿಸಲಿಲ್ಲ ಎಂದು ಕೇಳಬಹುದು. ಹೊಟ್ಟೆ ತುಂಬ ಮರಿಗಳಿರುವ ತಾಯಿ ವೇಗವಾಗಿ ಓಡಲಾರದು, ಬಿಸಿಲಿನಲ್ಲಿ ಬಹಳ ಹೊತ್ತು ಬಯಲಾಗಿ ಮಲಗಿರುವುದರಿಂದ ಹದ್ದಿನ ಕಣ್ಣಿಗೆ ಬೀಳುತ್ತದೆ, ಅನೇಕ ಜಾತಿಗಳಲ್ಲಿ ಆಹಾರವನ್ನೂ ಕಡಿಮೆ ಮಾಡುತ್ತದೆ. ತಾಯಿ ಸತ್ತರೆ ಆ ಬಸಿರಿನ ಅಷ್ಟೂ ಮರಿಗಳು ಸತ್ತಂತೆ. ಯುರೋಪಿನ ಆ್ಯಡರ್ ಎಂಬ ಮಂಡಲದ ಹಾವು ಒಮ್ಮೆ ಮರಿ ಹಾಕಿದ ಮೇಲೆ ಕಳೆದುಕೊಂಡ ಕೊಬ್ಬನ್ನು ಮರಳಿ ಕೂಡಿಸಿಕೊಳ್ಳಲು ಎರಡು ಮೂರು ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಮಣ್ಣೇ ಬೆಚ್ಚಗಿರುವ ನಾಡಿನಲ್ಲಿ ಇಷ್ಟೆಲ್ಲ ಹೊರೆ ಹೊರುವ ಅಗತ್ಯವಿಲ್ಲ. ಮೊಟ್ಟೆಯಿಟ್ಟು ಹಗುರಾಗಿ ಮತ್ತೊಂದು ಬಸಿರಿಗೆ ಸಿದ್ಧವಾಗುವ ತಾಯಿಯೇ ಹೆಚ್ಚು ಸಂತತಿಯನ್ನು ಬಿಟ್ಟುಹೋಗುತ್ತದೆ.

ಹಾಗಾದರೆ ಬಿಸಿಲನಾಡಿನ ಕೊಳಕುಮಂಡಲ?

ಇಲ್ಲಿ ಕರ್ನಾಟಕದ ಓದುಗರಿಗೆ ನ್ಯಾಯವಾದ ಸಂದೇಹವೊಂದು ಬರುತ್ತದೆ. ಕೊಳಕುಮಂಡಲ, ಗರಗಸ ಮಂಡಲ, ಮಣ್ಣುಮುಕ್ಕ, ಹಸಿರುಹಾವು, ಪಶ್ಚಿಮ ಘಟ್ಟಗಳ ಗುಳಿಮಂಡಲಗಳು, ಅದೇ ಘಟ್ಟಗಳ ಮಣ್ಣಿನೊಳಗೆ ಬದುಕುವ ಮೊಂಡುಬಾಲದ ಹಾವುಗಳು ಇವೆಲ್ಲವೂ ಮರಿ ಹಾಕುತ್ತವೆ. ಅದೇ ಹೊಲ, ಅದೇ ಕಾಡಿನ ನಾಗರಹಾವು, ಕೇರೆ, ಕಟ್ಟುಹಾವು, ಹೆಬ್ಬಾವು, ಕಾಳಿಂಗಗಳು ಮೊಟ್ಟೆಯಿಡುತ್ತವೆ. ಉತ್ತರ ಕರ್ನಾಟಕದ ಒಣ ನೆಲದಲ್ಲಿ ಚಳಿಯ ಮಾತೆಲ್ಲಿ?

ಇದಕ್ಕೆ ಒಂದೇ ಉತ್ತರವಿಲ್ಲ. ಮೊದಲನೆಯದಾಗಿ, ಒಂದು ಗುಣ ಹುಟ್ಟಿದ ತಾಣವೂ ಅದು ಇಂದು ಕಾಣಸಿಗುವ ತಾಣವೂ ಒಂದೇ ಆಗಿರಬೇಕಾಗಿಲ್ಲ. ಮಂಡಲದ ಹಾವುಗಳ ಕುಲದಲ್ಲಿ ಬಹುಪಾಲು ಜಾತಿಗಳು ಮರಿ ಹಾಕುವಂಥವು. ಹಳೆಯ ಪೂರ್ವಿಕರಲ್ಲಿ ಬಂದ ಗುಣವನ್ನು ಹೊತ್ತುಕೊಂಡೇ ಅವು ಬೆಚ್ಚಗಿನ ನಾಡುಗಳಲ್ಲಿಯೂ ನೆಲೆಸಿರಬಹುದು. ಎರಡನೆಯದಾಗಿ, ರಿಚರ್ಡ್ ಶೈನ್ 1995ರಲ್ಲಿ ಸಿದ್ಧಾಂತವನ್ನು ವಿಸ್ತರಿಸಿ, ತಾಯಿ ಒದಗಿಸುವುದು ಹೆಚ್ಚಿನ ಶಾಖವನ್ನೇ ಆಗಿರಬೇಕಿಲ್ಲ, ಮರಿಗೆ ಹಿತವಾದ ಶಾಖವಾಗಿದ್ದರೆ ಸಾಕು ಎಂದು ವಾದಿಸಿದರು. ಬಿಸಿನಾಡಿನಲ್ಲಿ ಮಣ್ಣು ಹಗಲು ಸುಡುತ್ತದೆ, ರಾತ್ರಿ ತಣಿಯುತ್ತದೆ. ತಾಯಿ ಈ ಏರಿಳಿತವನ್ನು ತಗ್ಗಿಸಬಲ್ಲುದು. ಉತ್ತರ ಆಸ್ಟ್ರೇಲಿಯದ ಉಷ್ಣವಲಯದಲ್ಲಿರುವ ಡೆತ್ ಆ್ಯಡರ್ ಹಾವುಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಾದಕ್ಕೆ ಬೆಂಬಲ ನೀಡಿವೆ: ಬಸಿರಿನ ಕಾಲದಲ್ಲಿ ತಾಯಿಯ ಮೈಶಾಖ ಹೆಚ್ಚು ಏರಿಳಿಯದಿದ್ದಾಗ ಮರಿಗಳು ದೊಡ್ಡವಾಗಿ ಹುಟ್ಟಿದವು. ಝೂಟೋಕಾ ಹಲ್ಲಿಯಲ್ಲಿಯೂ ಬಸಿರಿನ ತಾಯಿ, ಉಳಿದ ಕಾಲಕ್ಕಿಂತ ತುಸು ಕಡಿಮೆ ಶಾಖವನ್ನೇ ಆರಿಸಿಕೊಳ್ಳುತ್ತದೆ. ತನಗೆ ಹಿತವಾದದ್ದನ್ನು ಬಿಟ್ಟು ಮರಿಗೆ ಹಿತವಾದದ್ದನ್ನು ಆಯ್ದುಕೊಳ್ಳುತ್ತದೆ ಎಂದು ಇದನ್ನು ಅರ್ಥೈಸಲಾಗುತ್ತದೆ.

ಮೊಟ್ಟೆಯಿಡುವ ಕೆಲವು ಹಾವುಗಳು ಇದೇ ಸಮಸ್ಯೆಗೆ ಬೇರೆ ಪರಿಹಾರಗಳನ್ನು ಕಂಡುಕೊಂಡಿವೆ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಳಿಂಗದ ಹೆಣ್ಣು ಆಗುಂಬೆಯಂಥ ಮಳೆಕಾಡಿನಲ್ಲಿ ತರಗೆಲೆಗಳನ್ನು ಮೈಯಿಂದಲೇ ಗುಡ್ಡೆ ಹಾಕಿ ಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಟ್ಟು ಕಾಯುತ್ತದೆ. ಹೆಬ್ಬಾವು ಮೊಟ್ಟೆಗಳನ್ನು ಸುತ್ತುವರಿದು ಮಲಗಿ, ಸ್ನಾಯುಗಳನ್ನು ಅದುರಿಸುತ್ತ ಶಾಖ ಹುಟ್ಟಿಸುತ್ತದೆ.

ಹವಾಗುಣಕ್ಕೆ ಸಂಬಂಧಿಸದ ಕಾರಣಗಳೂ ಇವೆ. ನಮ್ಮ ಅರಬ್ಬಿ ಸಮುದ್ರದ ಕಡಲಹಾವುಗಳು ನೀರಿನಲ್ಲಿಯೇ ಮರಿ ಹಾಕುವುದರಿಂದ ನೆಲಕ್ಕೆ ಬರುವ ಅಗತ್ಯವನ್ನೇ ಕಳೆದುಕೊಂಡಿವೆ. ಪಳೆಯುಳಿಕೆಗಳೂ ಎಚ್ಚರಿಕೆಯ ಮಾತನ್ನೇ ಹೇಳುತ್ತವೆ. ಚೀನಾದಲ್ಲಿ ದೊರೆತ, ಸುಮಾರು 24.8 ಕೋಟಿ ವರ್ಷ ಹಳೆಯದಾದ ಚಾವೊಹುಸಾರಸ್ ಎಂಬ ಕಡಲ ಸರೀಸೃಪದ ಪಳೆಯುಳಿಕೆಯಲ್ಲಿ ಮರಿ ತಲೆ ಮುಂದಾಗಿ ಹೊರಬರುತ್ತಿರುವುದು ಕಾಣುತ್ತದೆ. ನೀರಿನಲ್ಲಿ ಹುಟ್ಟುವ ಮರಿಗೆ ಬಾಲ ಮುಂದಾಗಿ ಬರುವುದೇ ಕ್ಷೇಮ. ತಲೆ ಮುಂದಾಗಿ ಬರುವುದು ನೆಲದ ಪ್ರಾಣಿಗಳ ರೂಢಿ. ಹೀಗಾಗಿ ಅವುಗಳ ಪೂರ್ವಿಕರು ನೆಲದ ಮೇಲಿದ್ದಾಗಲೇ ಮರಿ ಹಾಕುತ್ತಿದ್ದರು ಎಂದು ಊಹಿಸಲಾಗಿದೆ. ಆ ಪಳೆಯುಳಿಕೆಯ ಕಾಲದ ಭೂಮಿಯೋ ಇಂದಿಗಿಂತ ಬಹಳ ಬಿಸಿಯಾಗಿತ್ತು. ಚಳಿ ಬಹಳ ದೊಡ್ಡ ಕಾರಣ, ಆದರೆ ಏಕೈಕ ಕಾರಣವಲ್ಲ ಎಂದು ಹೇಳುವುದೇ ಈಗ ಸರಿಯಾದ ನಿಲುವು.

ಬೆಟ್ಟಗಳು ಬಿಸಿಯಾಗುತ್ತಿರುವಾಗ

ಚಳಿಯಲ್ಲಿ ನೆರವಾದ ಹೊಂದಾಣಿಕೆ ಬಿಸಿಯಲ್ಲಿ ತೊಡಕಾಗಬಹುದೇ? 2010ರಲ್ಲಿ ಬ್ಯಾರಿ ಸಿನರ್ವೊ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು. ಮೆಕ್ಸಿಕೋದ 200 ತಾಣಗಳಲ್ಲಿ ಹಿಂದೆ ದಾಖಲಾಗಿದ್ದ 48 ಜಾತಿಗಳ ಸೆಲೊಪೊರಸ್ ಹಲ್ಲಿಗಳನ್ನು ಅವರು ಮತ್ತೆ ಹುಡುಕಿದಾಗ, 1975ರಿಂದೀಚೆಗೆ ಶೇಕಡ 12ರಷ್ಟು ತಾಣಗಳಲ್ಲಿ ಅವು ಇಲ್ಲವಾಗಿದ್ದವು. ಮರಿ ಹಾಕುವ ಜಾತಿಗಳಲ್ಲಿ ಹೀಗೆ ಅಳಿಯುವ ಅಪಾಯ ಮೊಟ್ಟೆಯಿಡುವವುಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು.

ಹಲ್ಲಿಗಳು ಬಿಸಿಲಿಗೆ ಬೆಂದು ಸತ್ತವು ಎಂದು ಇದನ್ನು ತಿಳಿಯಬಾರದು. ಮೈ ಮಿತಿಮೀರಿ ಕಾದರೆ ಹಲ್ಲಿ ನೆರಳಿಗೋ ಬಿರುಕಿಗೋ ಸರಿಯುತ್ತದೆ. ನೆರಳಿನಲ್ಲಿರುವಷ್ಟು ಹೊತ್ತು ಬೇಟೆಯಿಲ್ಲ. ವಸಂತದಲ್ಲಿ, ಅಂದರೆ ಬಸಿರಿಗೆ ಹೆಚ್ಚು ಆಹಾರ ಬೇಕಾದ ತಿಂಗಳುಗಳಲ್ಲಿಯೇ ಈ ಬಿಡುವಿಲ್ಲದ ಬಿಸಿ ಹೆಚ್ಚಿದರೆ, ತಾಯಿಗೆ ಮರಿಗಳನ್ನು ಬೆಳೆಸುವಷ್ಟು ತಿನ್ನಲು ಸಮಯವೇ ಸಿಗುವುದಿಲ್ಲ. ಮರಿ ಹಾಕುವ ಸೆಲೊಪೊರಸ್‌ಗಳು ತಂಪಾದ ಬೆಟ್ಟಗಳಿಗೆ ಒಗ್ಗಿ, ತಮ್ಮ ಮೈಶಾಖವನ್ನೂ ಕಡಿಮೆ ಮಟ್ಟದಲ್ಲಿಯೇ ಇಟ್ಟುಕೊಳ್ಳುವಂಥವು. ಅವುಗಳಿಗೆ ಮಿತಿಮೀರುವ ಗಳಿಗೆ ಬೇಗ ಬರುತ್ತದೆ. ತಂಪನ್ನು ಹುಡುಕುತ್ತ ಮೇಲೇರಿದರೆ ಬೆಟ್ಟವೇ ಒಂದು ಕಡೆ ಮುಗಿಯುತ್ತದೆ. ಕೆಳಗಿನಿಂದ ಬಿಸಿಗೆ ಒಗ್ಗಿದ ಮೊಟ್ಟೆಯಿಡುವ ಜಾತಿಗಳು ಅದೇ ಜಾಗಕ್ಕೆ ಏರಿಬರುತ್ತವೆ.

ಝೂಟೋಕಾದ ಮೇಲೂ ಇಂಥ ಪರೀಕ್ಷೆ ನಡೆದಿದೆ. ಫ್ರಾನ್ಸಿನಲ್ಲಿ ದೊಡ್ಡ ಆವರಣಗಳೊಳಗೆ ಈ ಹಲ್ಲಿಗಳನ್ನು ಸಾಕಿ, ಕೆಲವು ಆವರಣಗಳನ್ನು ಉಳಿದವಕ್ಕಿಂತ ಸುಮಾರು 2 ಡಿಗ್ರಿ ಹೆಚ್ಚು ಬೆಚ್ಚಗಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಬೆಚ್ಚಗಿನ ಆವರಣದ ಮರಿಗಳು ಬೇಗ ಬೆಳೆದು ಬೇಗ ಸಂತಾನೋತ್ಪತ್ತಿಗೆ ತೊಡಗಿದವು. ಆದರೆ ಬೆಳೆದ ಹಲ್ಲಿಗಳು ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಮೊದಮೊದಲು ಲಾಭದಂತೆ ಕಾಣುವ ಬದಲಾವಣೆಯೇ ಕೆಲವು ದಶಕಗಳಲ್ಲಿ ಆ ಸಮೂಹವನ್ನು ಬರಿದುಮಾಡಬಲ್ಲುದು ಎಂದು ಸಂಶೋಧಕರು ಲೆಕ್ಕ ಹಾಕಿದರು. ಬೇಗ ಬೆಳೆಯುವುದನ್ನು ಒಳ್ಳೆಯ ಲಕ್ಷಣವೆಂದು ಭಾವಿಸಿ ನೆಮ್ಮದಿಯಾಗಿರುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ಗೊತ್ತಾಗುತ್ತದೆ.

ಮೊಟ್ಟೆಗೆ ಮರಳುವ ದಾರಿ

ಬಿಸಿ ಹೆಚ್ಚಿದರೆ ಈ ಪ್ರಾಣಿಗಳು ಮತ್ತೆ ಮೊಟ್ಟೆಯಿಡತೊಡಗಬಹುದಲ್ಲ ಎಂಬ ಆಸೆ ಸಹಜ. ಆದರೆ ಇಳಿದ ದಾರಿಯನ್ನು ಮತ್ತೆ ಹತ್ತುವುದು ಸುಲಭವಲ್ಲ. ದಪ್ಪ ಚಿಪ್ಪನ್ನು ಹೊದಿಸುವ ಗ್ರಂಥಿಗಳು ಮರಳಿ ಕೆಲಸಕ್ಕೆ ತೊಡಗಬೇಕು, ಸರಿಯಾದ ಹೊತ್ತಿಗೆ ಮೊಟ್ಟೆಯನ್ನು ಹೊರಹಾಕಬೇಕು, ಮಣ್ಣಿನಲ್ಲಿ ಭ್ರೂಣ ಒಣಗದೆ ಉಳಿಯಬೇಕು. ಇವೆಲ್ಲ ಒಟ್ಟಿಗೇ ಕೂಡಿಬರಬೇಕಾಗುತ್ತದೆ.

ಹಾಗಿದ್ದರೂ ಇದು ನಡೆದೇ ಇಲ್ಲವೆಂದು ಹೇಳಲಾಗದು. ಅರೇಬಿಯದ ಮರಳುಗಾಡಿನಲ್ಲಿ ಎರಿಕ್ಸ್ ಜಯಕರಿ ಎಂಬ ಹಾವಿದೆ. ಮಸ್ಕತ್‌ನಲ್ಲಿ ಸೇವೆ ಸಲ್ಲಿಸಿದ ಭಾರತೀಯ ಸೇನಾವೈದ್ಯ ಆತ್ಮಾರಾಮ ಜಯಕರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ನಮ್ಮ ಮಣ್ಣುಮುಕ್ಕದ ಹತ್ತಿರದ ಬಂಧುವಾದ ಇದರ ಬಳಗದ ಹಾವುಗಳು ಹೆಚ್ಚಾಗಿ ಮರಿ ಹಾಕುವಂಥವು, ಆದರೆ ಇದು ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬರುವ ಹಾವಿನ ಮರಿಗಳಿಗೆ ಚಿಪ್ಪನ್ನು ಕೊಯ್ಯಲು ಮೂತಿಯಲ್ಲಿ ಪುಟ್ಟ ಹಲ್ಲೊಂದು ಇರುವುದು ರೂಢಿ. ಜಯಕರಿಯ ಮರಿಗಳಿಗೆ ಅದಿಲ್ಲ. ಪೂರ್ವಿಕರು ಮರಿ ಹಾಕುತ್ತಿದ್ದ ಕಾಲದಲ್ಲಿ ಆ ಹಲ್ಲು ಕಳೆದುಹೋಗಿ, ಮೊಟ್ಟೆಯಿಡುವ ಪದ್ಧತಿ ಮರಳಿದರೂ ಹಲ್ಲು ಮರಳಲಿಲ್ಲ ಎಂದು 2010ರಲ್ಲಿ ಸಂಶೋಧಕರು ವಿವರಿಸಿದರು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಝೂಟೋಕಾಗಳು ಎಂದೂ ಮೊಟ್ಟೆಯಿಡುವುದನ್ನು ಬಿಡದವೋ ಅಥವಾ ಬಿಟ್ಟು ಮತ್ತೆ ಹಿಡಿದವೋ ಎಂಬ ಬಗ್ಗೆ ತಳಿಶಾಸ್ತ್ರಜ್ಞರಲ್ಲಿ ಚರ್ಚೆ ಇನ್ನೂ ನಡೆಯುತ್ತಿದೆ. ಮಿಶ್ರತಳಿಗಳ ವಂಶವಾಹಿಗಳನ್ನು ಓದಿ, ಚಿಪ್ಪಿನ ದಪ್ಪವನ್ನೂ ಬಸಿರಿನ ಅವಧಿಯನ್ನೂ ನಿಯಂತ್ರಿಸುವ ಭಾಗಗಳು ಯಾವುವು ಎಂದು ಗುರುತಿಸುವ ಕೆಲಸ ಆಸ್ಟ್ರಿಯದಲ್ಲಿ, ಈ ಎರಡೂ ಬಗೆಯ ಹಲ್ಲಿಗಳು ಒಂದನ್ನೊಂದು ಸಂಧಿಸುವ ಆಲ್ಪ್ಸ್‌ನ ಹುಲ್ಲುಗಾವಲುಗಳಲ್ಲಿ ಆರಂಭವಾಗಿದೆ.